ಹುಳ ತಿಂದ ಪುಟದಾಚೆಯ ಅಜ್ಜ

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಯಲ್ಲಿ ವಂಶಾವಳಿ ಬರೆಯಲು ಕುಳಿತವರ ಪೆನ್ನು ಸಾಮಾನ್ಯವಾಗಿ ಒಂದೇ ಕಡೆ ನಿಂತುಬಿಡುತ್ತದೆ. ಆರು ತಲೆಮಾರು, ಹೆಚ್ಚೆಂದರೆ ಏಳು. ಅದರಾಚೆಗೆ ‘ಗೋವಾದಿಂದ ಬಂದವರು’ ಎಂಬ ಒಂದು ಸಾಲು, ಅಷ್ಟೆ. ಮರೆವು ಇದಕ್ಕೆ ಕಾರಣವಲ್ಲ. ನಮ್ಮವರಿಗೆ ಜಾಗದ ಗಡಿಕಲ್ಲು, ಕೊಟ್ಟ ಸಾಲ, ಮದುವೆಯಲ್ಲಿ ಯಾರು ಊಟಕ್ಕೆ ಕೂರದೆ ಎದ್ದುಹೋದರು ಎಂಬುದೆಲ್ಲ ನೂರು ವರ್ಷವಾದರೂ ನೆನಪಿರುತ್ತದೆ. ಕಾರಣ ಪುಸ್ತಕಗಳದ್ದು.

ಕೆಥೋಲಿಕರ ಪ್ರತಿಯೊಂದು ಇಗರ್ಜಿಗೂ, ಅಂದರೆ ಚರ್ಚಿಗೂ, ಅದರದ್ದೇ ಒಂದು ವ್ಯಾಪ್ತಿ ಇರುತ್ತದೆ. ಇಂಗ್ಲಿಷಿನಲ್ಲಿ ಪ್ಯಾರಿಷ್, ನಮ್ಮ ಕೊಂಕಣಿಯಲ್ಲಿ ಫಿರ್ಗಜ್. ಆ ವ್ಯಾಪ್ತಿಯಲ್ಲಿ ನಡೆದ ಜ್ಞಾನಸ್ನಾನ, ಮದುವೆ, ಸಾವು ಮೂರನ್ನೂ ಪಾದ್ರಿ ಪುಸ್ತಕದಲ್ಲಿ ಬರೆದಿಡಬೇಕು. ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳನ್ನು 1563ರಲ್ಲಿ ಟ್ರೆಂಟ್ ಮಹಾಸಭೆ ಕಡ್ಡಾಯ ಮಾಡಿತು, ಸತ್ತವರ ಪುಸ್ತಕ 1614ರ ಹೊತ್ತಿಗೆ ಸೇರಿತು. ಗೋವಾವನ್ನು ಆಗಲೇ ಪೋರ್ಚುಗೀಸರು ಆಳುತ್ತಿದ್ದುದರಿಂದ ಈ ರೂಢಿ ಅಲ್ಲಿಂದ ನಮ್ಮ ಕರಾವಳಿಗೂ ಬಂತು. ಮಂಗಳೂರಿನ ರೊಜಾರಿಯೊ ಇಗರ್ಜಿಯ ಆರಂಭ 1568ರಲ್ಲಿ, ಮಿಲಾಗ್ರಿಸ್ 1680ರಲ್ಲಿ. ಲೆಕ್ಕದ ಪ್ರಕಾರ ನಮ್ಮಲ್ಲೂ ಮುನ್ನೂರು ವರ್ಷ ಹಿಂದಕ್ಕೆ ಹೋಗುವ ಪುಸ್ತಕಗಳು ಇರಬೇಕಿತ್ತು.

ಇಲ್ಲ. 1784ರ ವಿಭೂತಿ ಬುಧವಾರದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. 27 ಇಗರ್ಜಿಗಳು ನೆಲಸಮವಾದವು ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮೂಡುಬಿದಿರೆ ಬಳಿಯ ಹೊಸಬೆಟ್ಟು ಇಗರ್ಜಿ ಮಾತ್ರ ಚೌಟ ಅರಸನ ದಾಕ್ಷಿಣ್ಯದಿಂದ ಉಳಿಯಿತು ಎಂಬ ಪ್ರತೀತಿಯಿದೆ. ಹೋದವರೆಷ್ಟು, ಬದುಕಿ ಬಂದವರೆಷ್ಟು, ಕಾರಣವೇನು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಆ ಜಗಳದೊಳಗೆ ಇಳಿಯುವ ಆಸೆ ನನಗಿಲ್ಲ. ಇಗರ್ಜಿಗಳ ಜತೆ ಪುಸ್ತಕಗಳೂ ಹೋದವು ಎಂಬುದಷ್ಟೇ ನನ್ನ ಕೆಲಸಕ್ಕೆ ಬೇಕಾದ ಸಂಗತಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಊರಿಗೆ ಮರಳಿದರು, ಗುಡಿಸಲಿನಂಥ ಇಗರ್ಜಿಗಳನ್ನು ಕಟ್ಟಿಕೊಂಡರು, ಹೊಸ ಪುಸ್ತಕ ಹಾಕಿದರು. ನಮ್ಮ ಲಿಖಿತ ನೆನಪು ಶುರುವಾಗುವುದು ಅಲ್ಲಿಂದ. ಆ ಹೊಸ ಪುಸ್ತಕಗಳಿಗೂ ಈಗ ಇನ್ನೂರು ವರ್ಷ. ನಮ್ಮ ಕಡೆಯ ಮಳೆ, ಗೆದ್ದಲು, ಪಾಚಿ ಅವುಗಳನ್ನೂ ಸುಮ್ಮನೆ ಬಿಟ್ಟಿಲ್ಲ.

ನಾನು ಮುಂಬೈಯಲ್ಲಿ ವಿಮಾ ಸರ್ವೇಯರ್. ಭಿವಂಡಿಯಲ್ಲೊಂದು ಗೋದಾಮು ಸುಟ್ಟಿತು ಎಂದರೆ, ಕುರ್ಲಾದಲ್ಲಿ ನೆಲಮಾಳಿಗೆಗೆ ಮಳೆನೀರು ನುಗ್ಗಿತು ಎಂದರೆ, ಮರುದಿನ ಅಲ್ಲಿ ಟಾರ್ಚು, ಕೈಚೀಲ ಹಿಡಿದು ನಿಲ್ಲುವವನು ನಾನು. ‘ಸಾಬ್, ಲೆಕ್ಕದ ಪುಸ್ತಕ ಎಲ್ಲ ಸುಟ್ಟುಹೋಯಿತು’ ಎನ್ನುವುದು ನಾನು ತಿಂಗಳಿಗೆ ನಾಲ್ಕು ಸಲ ಕೇಳುವ ಮಾತು. ಹಾಗೆಂದು ನಾವು ಎದ್ದು ಬರುವುದಿಲ್ಲ. ವ್ಯಾಪಾರದಲ್ಲಿ ಯಾವ ನಮೂದೂ ಒಂಟಿಯಲ್ಲ. ಇವನು ಕೊಂಡದ್ದು ಇನ್ನೊಬ್ಬ ಮಾರಿದ್ದು. ಇವನ ಪುಸ್ತಕ ಸುಟ್ಟರೆ ಮಾರಿದವನ ಬಿಲ್ಲು ಇದೆ, ಲಾರಿಯವನ ರಸೀದಿ ಇದೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಇದೆ. ಎದುರು ಪಾರ್ಟಿಯ ಪುಸ್ತಕ ಹುಡುಕು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಎರಡನೆಯದು, ಕಾಗದ ಸಿಗದ ಕಡೆ ಅಂದಾಜನ್ನು ಅಂದಾಜು ಎಂದೇ ಬರೆ, ಸಾಮಾನು ಇತ್ತು ಎಂದು ಬರೆಯಬೇಡ.

ಈ ಕಸುಬು ಮನೆಯ ವಿಷಯಕ್ಕೆ ಬಳಕೆಯಾದದ್ದು ಕಳೆದ ವರ್ಷ. ನಮ್ಮ ಕುಟುಂಬದ ಕೂಟ ಮಾಡುವುದೆಂದು ನಿರ್ಧಾರವಾಯಿತು. ಮುಂಬೈ, ಪುಣೆ, ಕುವೈತ್, ಮಸ್ಕತ್ ಎಂದು ಚದುರಿದ ಎಲ್ಲರೂ ಕ್ರಿಸ್ಮಸ್ ರಜೆಗೆ ಊರಿನಲ್ಲಿ ಸೇರುವುದು, ಜತೆಗೊಂದು ಸ್ಮರಣ ಸಂಚಿಕೆ. ಮಸ್ಕತ್ತಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಬಹಳ ಶ್ರಮಪಟ್ಟು ಒಂದು ವಂಶವೃಕ್ಷ ಮಾಡಿ ವಾಟ್ಸಾಪಿಗೆ ಹಾಕಿದ. ಕೆಳಗಿನ ಕೊಂಬೆಗಳು ಸರಿಯಿದ್ದವು. ಮೇಲೆ ಹೋಗುತ್ತಾ ಸಾಲ್ವದೊರ್ ಎಂಬ ಅಜ್ಜನಿಗೆ ಬಂದು, ಅಲ್ಲಿಂದ ಒಂದೇ ನೆಗೆತಕ್ಕೆ ಗೋವಾದ ಬಾರ್ದೇಶ್ ತಾಲೂಕಿನ ಒಬ್ಬ ಪ್ರಭುವಿಗೆ, ಹದಿನಾರನೇ ಶತಮಾನಕ್ಕೆ ತಲುಪಿತ್ತು. ಎಲ್ಲರೂ ಹೆಬ್ಬೆಟ್ಟು ಎತ್ತಿ ಮೆಚ್ಚಿದರು.

ಆ ಪ್ರಭು ಎಂಬ ಹೆಸರಿನ ಹಿಂದೆ ಒಂದು ಭಾರ ಇದೆ. ಹೊರಗಿನವರಿಗೆ ಆಶ್ಚರ್ಯವಾಗಬಹುದು, ನಮ್ಮಲ್ಲಿ ಮತ ಬದಲಾದರೂ ಜಾತಿ ಗಂಟುಮೂಟೆಯ ಜತೆಗೇ ಗೋವಾದಿಂದ ಬಂತು. ಬಾಮಣ್, ಚಾರೊಡಿ, ಸುದಿರ್ ಎಂಬ ಲೆಕ್ಕ ಮದುವೆ ಮಾತುಕತೆಯಲ್ಲಿ ಇವತ್ತಿಗೂ ತಲೆ ಎತ್ತುತ್ತದೆ. ಮದುವೆ ಜಾಹೀರಾತಿನಲ್ಲಿ ‘ಆರ್‌ಸಿಬಿ’ ಎಂದು ಕಂಡರೆ ಅದು ನಮ್ಮ ಬೆಂಗಳೂರಿನ ಕ್ರಿಕೆಟ್ ತಂಡವಲ್ಲ, ರೋಮನ್ ಕೆಥೋಲಿಕ್ ಬ್ರಾಹ್ಮಣ ಎಂದರ್ಥ. ಪ್ರಭು, ಕಾಮತ್, ಪೈ, ಶೆಣೈ ಎಂಬ ಹಳೆಯ ಮನೆತನದ ಹೆಸರನ್ನು ಉಳಿಸಿಕೊಂಡವರೂ ಇದ್ದಾರೆ. ಐಸಿಎಸ್ ಅಧಿಕಾರಿಯಾಗಿದ್ದ ಜೆ. ಎಂ. ಲೋಬೊ ಪ್ರಭು ಅವರ ಹೆಸರು ಹಳಬರಿಗೆ ಗೊತ್ತು. ಆದ್ದರಿಂದ ವಂಶವೃಕ್ಷದ ತುದಿಯಲ್ಲಿ ಪ್ರಭುವೊಬ್ಬ ಕುಳಿತರೆ ಅದು ಬರೀ ಅಲಂಕಾರವಲ್ಲ, ಕೆಳಗಿನ ಕೊಂಬೆಯ ಮಗಳಂದಿರ, ಮಗಂದಿರ ಸಂಬಂಧಕ್ಕೆ ಬೆಲೆ ಕಟ್ಟುವ ಸಂಗತಿ.

ಸಾಲ್ವದೊರ್‌ನಿಂದ ಪ್ರಭುವಿಗೆ ಹೋದ ದಾರಿಗೆ ಕಾಗದ ಏನಿದೆ ಎಂದು ನಾನು ಕೇಳಿದೆ. ‘ಎಲ್ಲರಿಗೂ ಗೊತ್ತಿರುವುದೇ’ ಎಂದ. ಕಸುಬಿನಲ್ಲಿ ನನಗೆ ಬಹಳ ಭಯ ಹುಟ್ಟಿಸುವ ಉತ್ತರ ಅದು.

ಊರಿನಲ್ಲಿ ನನ್ನ ಬಾಪ್ಪು ಇದ್ದಾರೆ. ನನ್ನ ತಂದೆಯ ಅಣ್ಣ, ವಯಸ್ಸು 86. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರ್ಧ. ಆದರೆ ನಾಲಿಗೆಯ ಮೇಲೆ ಹೆಸರುಗಳು ಸಾಲಾಗಿ ಕುಳಿತಿವೆ. ಪೆದ್ರು, ಅವನಪ್ಪ ಜುವಾಂವ್, ಅವನಪ್ಪ ಇನಾಸ್, ಅವನಪ್ಪ ಬಸ್ತ್ಯಾಂವ್, ಅವನಪ್ಪ ಸಾಲ್ವದೊರ್. ಅಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಕೇಳಿದರೆ ಎಲೆ ಅಡಿಕೆಯ ಡಬ್ಬಿಗೆ ಕೈಹಾಕುತ್ತಾರೆ. ನನ್ನ ಜತೆ ಕೆಲಸ ಮಾಡುವ ಬಾಗಲಕೋಟೆ ಕಡೆಯವರೊಬ್ಬರು ಇದನ್ನು ಕೇಳಿ ನಕ್ಕರು. ಅವರ ಊರಿಗೆ ಕೆಲವು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಹೆಳವರು ಬಂದು, ಮನೆಯ ಮುಂದೆ ನಿಂತು, ಹತ್ತು ತಲೆಮಾರು ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಕಾಳು ಇಸಕೊಂಡು ಹೋಗುತ್ತಿದ್ದರಂತೆ. ‘ನಿಮಗೆ ಹೆಳವರಿಲ್ಲೇನ್ರೀ?’ ಎಂದರು. ನಮಗೆ ಪಾದ್ರಿ ಇದ್ದರು, ಗೆದ್ದಲೂ ಇತ್ತು.

ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ ಒಂದು ವಾರ ರಜೆ ಹಾಕಿ ಊರಿಗೆ ಹೋದೆ. ಇಗರ್ಜಿಯ ಹೆಸರು ಇಲ್ಲಿ ಬೇಡ. ಈ ಪುಸ್ತಕಗಳು ಸಾರ್ವಜನಿಕವಲ್ಲ, ಊರವರ ಖಾಸಗಿ ವಿಚಾರಗಳು ಅದರಲ್ಲಿವೆ. ವಿಗಾರರ ಅನುಮತಿ ಬೇಕು, ಯಾಕೆ ಎಂದು ಹೇಳಬೇಕು. ನಮ್ಮ ವಿಗಾರರು ಒಳ್ಳೆಯವರು. ಕಚೇರಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ತಾವೇ ಪುಸ್ತಕ ತಂದಿಟ್ಟರು. 1809ರಲ್ಲಿ ಶುರುವಾಗುವ ಜ್ಞಾನಸ್ನಾನದ ಮೊದಲ ಪುಸ್ತಕ. ಬಲ ಅಂಚು ಗೆದ್ದಲಿನ ಪಾಲಾಗಿತ್ತು. ಮಧ್ಯದಲ್ಲಿ ಶಾಯಿಯೇ ಕಾಗದವನ್ನು ತಿಂದಿತ್ತು. ಆ ಕಾಲದ ಶಾಯಿ ಕಬ್ಬಿಣದ ಲವಣ ಮತ್ತು ಮಾಚಿಕಾಯಿಯಂಥ ಕಾಯಿಯ ರಸದಿಂದ ಮಾಡಿದ್ದು. ಅದರಲ್ಲಿನ ಆಮ್ಲ ವರ್ಷಗಳು ಕಳೆದಂತೆ ಕಾಗದ ಸುಡುತ್ತದೆ. ಅಕ್ಷರ ಇದ್ದ ಜಾಗದಲ್ಲಿ ಅಕ್ಷರದ ಆಕಾರದ ತೂತು. ಕೊನೆಯ ಹದಿನಾಲ್ಕು ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು.

ಇಂಥ ಪುಸ್ತಕ ಕೈಗೆ ಬಂದರೆ ಏನು ಮಾಡಬಾರದು ಎಂಬುದು ಮುಖ್ಯ. ಅಂಟಿದ ಹಾಳೆಗಳನ್ನು ಉಗುರಿನಿಂದ ಬಿಡಿಸಬೇಡಿ. ಸೆಲ್ಲೊಟೇಪ್ ಹತ್ತಿರಕ್ಕೂ ತರಬೇಡಿ. ಮಾಸಿದ ಅಕ್ಷರ ಎದ್ದುಕಾಣಲಿ ಎಂದು ಏನನ್ನೂ ಸವರಬೇಡಿ, ಯುರೋಪಿನ ದೊಡ್ಡ ದೊಡ್ಡ ವಿದ್ವಾಂಸರು ಹಿಂದೆ ಹಾಗೆ ರಸಾಯನ ಸವರಿ ಎಷ್ಟೋ ಹಸ್ತಪ್ರತಿಗಳನ್ನು ಕಾಯಂ ಕಪ್ಪು ಮಾಡಿಟ್ಟಿದ್ದಾರೆ. ಒದ್ದೆಯಾದ ಪುಸ್ತಕವಾದರೆ ಬೂಷ್ಟು ಹಿಡಿಯುವ ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಿ, ಬಿಸಿಲಿಗೆ ಹಾಕಬೇಡಿ. ತಜ್ಞರು ಸಿಗುವ ತನಕ ಅಲ್ಲೇ ಇರಲಿ. ಇನ್ನು ಮಾಡಬಹುದಾದದ್ದು ಬೆಳಕಿನ ಕೆಲಸ. ಟಾರ್ಚನ್ನು ಪುಟದ ಪಕ್ಕದಿಂದ, ಬಹುತೇಕ ಮೇಜಿಗೆ ಸಮನಾಗಿ ಹಿಡಿದರೆ ಲೇಖನಿ ಒತ್ತಿದ ಗೀರು ನೆರಳಾಗಿ ಕಾಣುತ್ತದೆ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಪುಟ್ಟ ಟಾರ್ಚು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕೋಣೆ ಕತ್ತಲು ಮಾಡಿ ಅದನ್ನು ಹಾಯಿಸಿದರೆ, ಬರಿಗಣ್ಣಿಗೆ ಮಾಯವಾದ ಕಬ್ಬಿಣದ ಶಾಯಿ ಕಪ್ಪಗೆ ಎದ್ದು ನಿಲ್ಲುತ್ತದೆ. ವಿಗಾರರು ಕಿಟಕಿ ಮುಚ್ಚಿ ಬಂದು, ಮಗುವಿನ ಹಾಗೆ ಬಗ್ಗಿ ನೋಡಿದರು.

ಭಾಷೆ ಪೋರ್ಚುಗೀಸ್. ಆಗ ನಮ್ಮ ಇಗರ್ಜಿಗಳು ಗೋವಾದ ಆರ್ಚ್‌ಬಿಷಪ್ಪರ ಕೆಳಗಿದ್ದವು. ಹೆದರಬೇಕಾಗಿಲ್ಲ, ಪ್ರತಿ ನಮೂದಿಗೂ ಒಂದೇ ಎರಕ. ‘ಬಾಪ್ತಿಜೆಯ್’ ಎಂದರೆ ಜ್ಞಾನಸ್ನಾನ ಕೊಟ್ಟೆ. ‘ಫಿಲ್ಯು ಲೆಜಿತಿಮು’ ಎಂದರೆ ಸಕ್ರಮ ಮಗ. ‘ಪಾದ್ರಿನ್ಯು’ ಎಂದರೆ ಜ್ಞಾನಸ್ನಾನಕ್ಕೆ ನಿಂತ ತಂದೆ. ಹತ್ತು ಪದ ಗೊತ್ತಿದ್ದರೆ ಪುಟ ಓಡುತ್ತದೆ. ಕಷ್ಟ ಇರುವುದು ಹೆಸರುಗಳಲ್ಲಿ. ಮನೆಯಲ್ಲಿ ಬಸ್ತ್ಯಾಂವ್, ಪುಸ್ತಕದಲ್ಲಿ ಸೆಬಾಸ್ತಿಯಾಂವ್, ಮುಂದೆ ಇಟಲಿಯ ಜೆಸ್ವಿತ್ ಪಾದ್ರಿಗಳು ಬಂದ ಕಾಲದ ಲ್ಯಾಟಿನ್ ನಮೂದಿನಲ್ಲಿ ಸೆಬಾಸ್ತಿಯಾನುಸ್, ಬ್ರಿಟಿಷ್ ಕಚೇರಿಯಲ್ಲಿ ಸೆಬಾಸ್ಟಿಯನ್. ನಾಲ್ವರೂ ಒಬ್ಬನೇ. ಅದೇ ಹೊತ್ತಿಗೆ ಒಂದೇ ವಾಡೆಯಲ್ಲಿ ಸಾಲ್ವದೊರ್ ಡಿಸೋಜರು ಮೂವರು. ಗೋವಾದಲ್ಲಿ ಮತಾಂತರವಾದವರಿಗೆ ಪಾದ್ರಿಯದೋ ಜ್ಞಾನಸ್ನಾನಕ್ಕೆ ನಿಂತವರದೋ ಅಡ್ಡಹೆಸರು ಅಂಟಿಕೊಂಡಿತ್ತು. ಹಾಗಾಗಿ ಡಿಸೋಜ ಎಂದ ಮಾತ್ರಕ್ಕೆ ನೆಂಟಸ್ತಿಕೆ ಇಲ್ಲ. ನಮ್ಮನ್ನು ಊರಲ್ಲಿ ಗುರುತಿಸುವುದೂ ಹಾಗಲ್ಲ, ತುಳುವಿನಲ್ಲಿ ‘ಪಲ್ಕೆದಕುಲು’ ಎನ್ನುತ್ತಾರೆ, ಪಲ್ಕೆಯ ಜಾಗದವರು ಎಂದು. ಹುಡುಕುವವರು ಅಡ್ಡಹೆಸರಿಗಿಂತ ಜಾಗದ ಹೆಸರನ್ನು ಗಟ್ಟಿಯಾಗಿ ಹಿಡಿಯಬೇಕು.

ಬಸ್ತ್ಯಾಂವ್ ಸಿಕ್ಕಿದ. 1812ರ ಒಂದು ನಮೂದು. ‘ಸಾಲ್ವದೊರ್ ದೆ ಸೋ’ ಎಂಬಲ್ಲಿಗೆ ಪುಟವೇ ಇಲ್ಲ. ತಾಯಿಯ ಹೆಸರು, ಅಜ್ಜ ಅಜ್ಜಿಯರ ಹೆಸರು ಇರಬೇಕಾದ ಬಲ ಭಾಗ ಗೆದ್ದಲಿನ ಹೊಟ್ಟೆಗೆ ಹೋಗಿ ಎಷ್ಟು ಕಾಲವಾಯಿತೋ.

ಇಲ್ಲಿಂದ ಎದುರು ಪಾರ್ಟಿಯ ಪುಸ್ತಕದ ಕೆಲಸ. ಬಸ್ತ್ಯಾಂವನ ಪುಟ ಹಾಳಾಗಿದ್ದರೂ ಅವನಿಗೆ ತಮ್ಮ, ತಂಗಿ ಇದ್ದಿರಲೇಬೇಕಲ್ಲ. ಮುಂದಿನ ಹತ್ತು ವರ್ಷದ ಪುಟಗಳಲ್ಲಿ ಸಾಲ್ವದೊರ್ ಎಂಬ ತಂದೆಯ ಹೆಸರಿದ್ದ ಎಲ್ಲ ಮಕ್ಕಳನ್ನೂ ಬರೆದುಕೊಂಡೆ, ವಾಡೆಯ ಹೆಸರು ನೋಡಿ ಮೂವರು ಸಾಲ್ವದೊರರನ್ನು ಬೇರೆ ಮಾಡಿದೆ. ನಮ್ಮವನ ಇನ್ನೊಬ್ಬ ಮಗನ ನಮೂದಿನಲ್ಲಿ ತಾಯಿಯ ಹೆಸರು ನತಾಲಿಯಾ, ಆಕೆಯ ತವರು ಪಕ್ಕದ ಫಿರ್ಗಜ್ ಎಂದು ಸಿಕ್ಕಿತು. ಅಜ್ಜನ ಹೆಸರಿನ ಜಾಗ ಅಲ್ಲೂ ತೂತು. ಆದರೆ ಮದುವೆ ಸಾಮಾನ್ಯವಾಗಿ ಹೆಣ್ಣಿನ ಇಗರ್ಜಿಯಲ್ಲಿ. ಅಂದರೆ ಸಾಲ್ವದೊರ್‌ನ ಮದುವೆಯ ನಮೂದು ನಮ್ಮ ಪುಸ್ತಕದಲ್ಲಲ್ಲ, ನದಿಯಾಚೆಯ ಪುಸ್ತಕದಲ್ಲಿ. ಅಲ್ಲಿಗೆ ಗೆದ್ದಲು ಹೋಗಿರಲಿಲ್ಲ.

ಮರುದಿನ ಆ ಪುಸ್ತಕ ನೋಡಿದೆ. 1811, ಫೆಬ್ರವರಿ. ಹೆಣ್ಣು ನತಾಲಿಯಾ, ಇಂಥವರ ಮಗಳು. ಗಂಡು ಸಾಲ್ವದೊರ್ ದೆ ಸೋಜಾ, ‘ದೆ ಪಾಯ್ಸ್ ಇನ್‌ಕೊಗ್ನಿತುಸ್’. ತಂದೆ ತಾಯಿ ಯಾರೆಂದು ತಿಳಿಯದವನು. ಮುಂದಿನ ಸಾಲು, ಲೊರೆನ್ಸು ದೆ ಸೋಜಾ ಎಂಬವರ ಮನೆಯಲ್ಲಿ ಬೆಳೆದವನು.

ಅಲ್ಲಿನ ಪಾದ್ರಿ ನನಗೆ ಕಾಫಿ ತರಿಸಿಕೊಟ್ಟರು. ನಾನು ಆ ಸಾಲನ್ನು ಬೆರಳು ಮುಟ್ಟಿಸದೆ ಮೂರು ಸಲ ಓದಿದೆ.

ಲೊರೆಸ್ ಎಂಬ ಹೆಸರು ನನಗೆ ಗೊತ್ತಿತ್ತು. ನಮ್ಮ ಪಲ್ಕೆಯಿಂದ ಎರಡು ಗದ್ದೆ ದಾಟಿದರೆ ಇರುವ ದೊಡ್ಡಮನೆಯವರ ಮೂಲಪುರುಷ. ಬಾರ್ದೇಶಿನ ಪ್ರಭು ಎಂಬುದು ಆ ಮನೆಯವರ ಮಾತು. ಚಿಕ್ಕಪ್ಪನ ಮಗ ಸಾಲ್ವದೊರ್‌ನನ್ನು ಲೊರೆಸ್‌ನ ಮಗ ಎಂದು ಹಿಡಿದು, ದೊಡ್ಡಮನೆಯ ಏಣಿಯನ್ನು ನಮ್ಮ ಮರಕ್ಕೆ ಒರಗಿಸಿದ್ದ.

ಒಂದು ಕಾಗದದ ಮೇಲೆ ನಾನು ವರದಿ ಬರೆಯುವವನಲ್ಲ. ತಾಲೂಕು ಕಚೇರಿಯಲ್ಲಿ ನಮ್ಮ ಅಜ್ಜನ ಭೂಸುಧಾರಣೆಯ ಕಡತ ಇತ್ತು. 1974ರ ಕಾನೂನಿನ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಟ್ಟಿದ್ದರಲ್ಲ, ಆ ಕಡತ. ಕರಾವಳಿಯಲ್ಲಿ ಯಾರೇ ಮನೆತನದ ಬೆನ್ನು ಹತ್ತಿದರೂ ಇದನ್ನು ಬಿಡಬಾರದು. ಯಾರ ಒಕ್ಕಲು, ಯಾವಾಗಿನಿಂದ, ಯಾರ ನಂತರ ಯಾರು ಎಂದು ಸಾಕ್ಷಿಗಳ ಸಮೇತ ಕನ್ನಡದಲ್ಲೇ ಬರೆದಿರುತ್ತದೆ. ನಮ್ಮ ಅಜ್ಜ ಪೆದ್ರು ಹೇಳಿದ್ದು: ಈ ಜಾಗ ದೊಡ್ಡಮನೆಯವರದು, ನಮ್ಮ ಹಿರಿಯರನ್ನು ಅವರೇ ಸಾಕಿ ಇಲ್ಲಿ ಕೂರಿಸಿದ್ದು. ‘ಸಾಕಿ’ ಎಂಬ ಒಂದು ಪದ. 1970ರ ದಶಕದಲ್ಲಿ ಅದನ್ನು ಬರೆದುಕೊಂಡ ಗುಮಾಸ್ತನಿಗೆ ಅದರ ಅರ್ಥ ಗೊತ್ತಾಗಿರಲಿಕ್ಕಿಲ್ಲ, ಓದಿದ ನಮಗೂ.

ಕೊನೆಗೆ ಬಾಪ್ಪು. ಸಂಜೆ ಜಗಲಿಯಲ್ಲಿ ಕೂತು, ಸುತ್ತಿ ಬಳಸದೆ ಕೇಳಿದೆ. ‘ಬಾಪ್ಪು, ಸಾಲ್ವದೊರ್ ಯಾರ ಮಗ ಅಂತ ನಿಮಗೆ ಗೊತ್ತಿತ್ತಾ?’

ಬಹಳ ಹೊತ್ತು ಅಡಿಕೆ ಜಗಿದರು. ‘ಗೊತ್ತಿಲ್ಲ ಅನ್ನುವುದು ಗೊತ್ತಿತ್ತು’ ಎಂದರು. ಶಾಲೆಗೆ ಹೋಗುವ ಕಾಲದಲ್ಲಿ ಜಗಳವಾದರೆ ಹುಡುಗರು ಇವರನ್ನು ‘ಪೊಸ್ಕ್ಯಾಚಿಂ’ ಎಂದು ಕರೆಯುತ್ತಿದ್ದರಂತೆ. ಪೊಸ್ಕೊ ಎಂದರೆ ಕೊಂಕಣಿಯಲ್ಲಿ ಸಾಕುಮಗ. ಅಳುತ್ತಾ ಬಂದು ಕೇಳಿದಾಗ ಅವರ ವ್ಹಡ್ಲಿಮಾಂಯ್, ಅಂದರೆ ಅಜ್ಜಿ, ಆ ಮಾತು ಮನೆಯೊಳಗೆ ಬೇಡ ಎಂದಿದ್ದರು. ದೊಡ್ಡಮನೆಗೂ ನಮಗೂ ಯಾವ ನೆಂಟಸ್ತಿಕೆ ಎಂದು ಯಾರಿಗೂ ಗೊತ್ತಿಲ್ಲದಿದ್ದರೂ ಆ ಮನೆಗೆ ಹೆಣ್ಣು ಕೊಟ್ಟದ್ದಿಲ್ಲ, ತಂದದ್ದಿಲ್ಲ. ಒಂದೇ ಒಲೆಯಲ್ಲಿ ಉಂಡವರು ಎಂಬುದು ಕಾರಣ. ಎಪ್ಪತ್ತೈದು ವರ್ಷ ಈ ಮನುಷ್ಯ ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ‘ಇನ್ನು ನನ್ನಿಂದ ಆಗುವುದಿಲ್ಲ, ನೀನು ಬರೆದುಕೋ’ ಎಂದರು. ಫೋನಿನಲ್ಲಿ 47 ನಿಮಿಷ ಧ್ವನಿಮುದ್ರಿಸಿದೆ.

ಸಾಲ್ವದೊರ್ 1811ರಲ್ಲಿ ಮದುವೆಯಾದ. ಇಪ್ಪತ್ತು ಇಪ್ಪತ್ತೈದರ ವಯಸ್ಸು ಎಂದು ಹಿಡಿದರೆ ಅವನು ಹುಟ್ಟಿದ್ದು ಸೆರೆಯ ವರ್ಷಗಳಲ್ಲಿ. 1799ರಲ್ಲಿ ಘಟ್ಟ ಇಳಿದು ಬಂದವರ ನಡುವೆ ಯಾರದೋ ಕೈಹಿಡಿದು ಬಂದ ಹುಡುಗ ಎಂದು ಊಹಿಸುವುದು ಸುಲಭ. ಊಹಿಸಲು ಮನಸ್ಸೂ ಬರುತ್ತದೆ. ಆದರೆ ಪುಸ್ತಕ ಹಾಗೆ ಹೇಳುವುದಿಲ್ಲ. ಸೆರೆಗೂ ಅವನಿಗೂ ಸಂಬಂಧವೇ ಇಲ್ಲದಿರಬಹುದು, ಯಾರೋ ಜ್ವರದಲ್ಲಿ ತೀರಿಕೊಂಡಿರಬಹುದು, ಯಾರೋ ಹೆಂಗಸು ಹೆಸರು ಹೇಳಲಾರದೆ ಬಿಟ್ಟುಹೋಗಿರಬಹುದು. ಪ್ರಭುವಿನ ಬದಲು ಶ್ರೀರಂಗಪಟ್ಟಣದ ಅನಾಥನನ್ನು ತುದಿಯಲ್ಲಿ ಕೂರಿಸಿದರೆ ಅದೂ ಅಷ್ಟೇ ಕಟ್ಟುಕತೆ, ಸ್ವಲ್ಪ ಕಣ್ಣೀರು ಹೆಚ್ಚು.

ಮಸ್ಕತ್ತಿಗೆ ಫೋನ್ ಮಾಡಿದೆ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗಳ ಸಂಬಂಧ ಮಾತುಕತೆಯಲ್ಲಿತ್ತು, ಹುಡುಗನ ಕಡೆಯವರಿಗೆ ಆ ಮರದ ಚಿತ್ರ ಆಗಲೇ ಹೋಗಿತ್ತು. ‘ಇನ್ನೂರು ವರ್ಷದ ಹಿಂದಿನ ಕೊಳೆ ಈಗ ಯಾಕೆ?’ ಎಂದ. ಅದನ್ನು ಕೊಳೆ ಎಂದು ಒಪ್ಪಲು ನನಗಾಗಲಿಲ್ಲ. ಮೂರು ವಾರ ಮಾತಿಲ್ಲ. ಆಮೇಲೆ ಬಾಪ್ಪುವೇ ಅವನಿಗೆ ಫೋನ್ ಮಾಡಿದರು. ಏನು ಮಾತಾಡಿದರೋ, ಇಬ್ಬರೂ ಹೇಳಿಲ್ಲ. ಮಗಳು ಮಾತ್ರ ತಾನೇ ಆ ಹುಡುಗನಿಗೆ ಎಲ್ಲ ಹೇಳಿದಳಂತೆ, ಮದುವೆ ಮುಂದಿನ ಜನವರಿಗೆ ನಿಗದಿಯಾಗಿದೆ.

ನನ್ನ ಹಾಗೆ ಹೊರಗಿರುವವರಿಗೆ ಒಂದೆರಡು ಮಾತು. ಈ ಕೆಲಸದ ಅರ್ಧವನ್ನು ನಾವಿರುವ ಊರಿನಲ್ಲೇ ಮಾಡಬಹುದು. ಮಜಗಾಂವ್, ಬೈಕಲಾ ಕಡೆ ನೂರು ವರ್ಷದ ಹಿಂದೆ ಬಂದು ಮದುವೆಯಾದ ಅಜ್ಜನ ತಮ್ಮಂದಿರು ಎಷ್ಟೋ ಮನೆಯಲ್ಲಿದ್ದಾರೆ. 1908ರಿಂದ ಈಚೆಗೆ, ಒಬ್ಬರ ಮದುವೆ ಎಲ್ಲೇ ಆಗಲಿ, ಅವರ ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ ಅದನ್ನು ಬರೆಯಬೇಕೆಂಬ ನಿಯಮವಿದೆ. ಮದುವೆಯಾಗುವ ಇಗರ್ಜಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಕೊಡಲೇಬೇಕು. ಹಾಗಾಗಿ ಊರಿನ ಪುಸ್ತಕ ಹಾಳಾಗಿದ್ದರೂ ಅದರ ನಕಲು ಮುಂಬೈಯ ಮದುವೆಯ ಕಡತದಲ್ಲಿ ಸುರಕ್ಷಿತವಾಗಿ ಕೂತಿರಬಹುದು. ಯಾವ ಪುಸ್ತಕವೂ ಉಳಿದಿಲ್ಲ ಎಂದಾದರೂ ಬದುಕಿರುವವರಿಗೆ ದಾರಿಯಿದೆ. 1983ರ ಚರ್ಚ್ ಕಾನೂನಿನ 876ನೇ ವಿಧಿಯಂತೆ, ಯಾರಿಗೂ ಬಾಧಕವಾಗದಿದ್ದರೆ, ನಂಬಬಹುದಾದ ಒಬ್ಬನೇ ಸಾಕ್ಷಿಯ ಮಾತು ಜ್ಞಾನಸ್ನಾನಕ್ಕೆ ಪುರಾವೆಯಾಗುತ್ತದೆ.

ಚೆನ್ನೈಯಲ್ಲಿರುವವರು ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಒಮ್ಮೆ ಹೋಗಿ ಬನ್ನಿ. 1799ರ ನಂತರ ಕೆನರಾ ಮದ್ರಾಸಿನ ಆಡಳಿತಕ್ಕೆ ಸೇರಿತು. ಥಾಮಸ್ ಮನ್ರೊ ಕಲೆಕ್ಟರಾಗಿದ್ದ ಕಾಲದಿಂದ ಜಿಲ್ಲೆಯ ಕಾಗದಪತ್ರಗಳು ಅಲ್ಲಿವೆ. ನಿಮ್ಮ ಅಜ್ಜನ ಹೆಸರು ಸಿಗುವುದು ಅಪರೂಪ, ಊರಿನ ಸ್ಥಿತಿ ಸಿಗುತ್ತದೆ. ಲಂಡನ್ನಿನಲ್ಲಿರುವ ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳ ಬಗ್ಗೆ ಬಹಳ ಜನ ಕೇಳುತ್ತಾರೆ, ಅವು ಹೆಚ್ಚಾಗಿ ಯುರೋಪಿಯನ್ನರವು, ದುಡ್ಡು ಖರ್ಚು ಮಾಡಬೇಡಿ. ಸ್ಮಶಾನದ ಕಲ್ಲುಗಳನ್ನು ಅತಿಯಾಗಿ ನಂಬಬೇಡಿ, ನಮ್ಮಲ್ಲಿ ಕೊಂಡ ಗುಂಡಿ ಬಿಟ್ಟರೆ ಉಳಿದವನ್ನು ಕೆಲವು ವರ್ಷಕ್ಕೆ ಮತ್ತೆ ತೋಡುತ್ತಾರೆ. ಇನ್ನು ಪಣಜಿಯ ಪತ್ರಾಗಾರ, 1595ರಲ್ಲಿ ಶುರುವಾದದ್ದು, ದೇಶದಲ್ಲೇ ಬಹಳ ಹಳೆಯದು. ಆದರೆ ಗೋವಾದ ಹಳೆಯ ಪುಸ್ತಕಗಳು ಊರೂರಿನ ಲೆಕ್ಕದಲ್ಲಿವೆ. ಹಳ್ಳಿಯ ಹೆಸರಿಲ್ಲದೆ ‘ಬಾರ್ದೇಶಿನ ಡಿಸೋಜ’ ಎಂದು ಕೇಳುವುದು ‘ಬಿಜಾಪುರ ಜಿಲ್ಲೆಯ ಪಾಟೀಲ’ ಎಂದು ಕೇಳಿದ ಹಾಗೆ. ಕೊಂಕಣ ರೈಲು ರಾತ್ರಿ ಬೆಳಗಾಗುವುದರಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ, ಹಳ್ಳಿಯ ಹೆಸರನ್ನು ಮಾತ್ರ ನೀವೇ ಒಯ್ಯಬೇಕು. ಇದೆಲ್ಲದಕ್ಕೂ ಮೊದಲು ಮನೆಯ ಹಿರಿಯರ ಹತ್ತಿರ ಕೂರಿ. ಪುಸ್ತಕ ಇನ್ನೈದು ವರ್ಷ ಕಾಯುತ್ತದೆ, ಅವರು ಕಾಯುತ್ತಾರೆಂದು ಹೇಳಲಾಗದು.

ಸ್ಮರಣ ಸಂಚಿಕೆ ಅಚ್ಚಾಯಿತು. ಸಾಲ್ವದೊರ್‌ನ ಮೇಲಿನ ಎರಡು ಚೌಕಗಳು ಖಾಲಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಯಾವ ಪುಸ್ತಕ, ಯಾವ ವರ್ಷ, ಯಾವ ಸಾಲು ಎಂಬ ವಿವರ. ಕರಡು ಓದಿಸಿ ಕೇಳಿದಾಗ ಬಾಪ್ಪು ಒಂದೇ ತಿದ್ದುಪಡಿ ಹೇಳಿದರು. ಪಕ್ಕದಲ್ಲಿ ಲೊರೆಸ್‌ನ ಹೆಸರು, ಅವನ ಹೆಂಡತಿಯ ಹೆಸರು ಇರಲಿ, ಸಾಕಿದವರು ಎಂದು ಬರೆಯಿರಿ. ಹೆಂಡತಿಯ ಹೆಸರು ಎಲ್ಲೂ ಸಿಕ್ಕಿರಲಿಲ್ಲ. ಅದಕ್ಕೂ ಒಂದು ಖಾಲಿ ಚೌಕ ಹಾಕಿದೆವು.

ಡಿಸೆಂಬರ್ 28ರ ಕೂಟಕ್ಕೆ ದೊಡ್ಡಮನೆಯವರನ್ನೂ ಕರೆದಿದ್ದೆವು. ಮೂವರು ಬಂದರು, ಒಂದು ಬಾಳೆಗೊನೆ ಹೊತ್ತುಕೊಂಡು. ಊಟವಾದ ಮೇಲೆ ಆ ಮನೆಯ ಹಿರಿಯ ಹೆಂಗಸು ಸಂಚಿಕೆಯ ಆ ಪುಟವನ್ನು ಬಹಳ ಹೊತ್ತು ನೋಡಿ, ತಮ್ಮ ಅಟ್ಟದ ಮೇಲೊಂದು ತಗಡಿನ ಪೆಟ್ಟಿಗೆ ಇದೆ, ಗೇಣಿ ಲೆಕ್ಕದ ಹಳೆಯ ಕನ್ನಡ ಕಡತಗಳು, ಗಂಡ ಹೋದ ಮೇಲೆ ಯಾರೂ ಬಿಚ್ಚಿಲ್ಲ ಎಂದರು. ಏಪ್ರಿಲ್ ಕೊನೆಗೆ ಟಿಕೆಟ್ ಮಾಡಿಸಿದ್ದೇನೆ. ಮಳೆ ಹಿಡಿಯುವ ಮೊದಲು ಬಿಚ್ಚಬೇಕು.